ಒಂದೇ ಬದಿಯ ತಲೆನೋವು: ಯಾವುದಕ್ಕೆ ಯಾವ ಔಷಧ?

ಈ ಸಲ ಬಂದ ಪತ್ರಗಳಲ್ಲಿ ಒಂದೇ ಬದಿಯ ತೀವ್ರ ತಲೆನೋವಿನ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೈಗ್ರೇನ್ ಅಲ್ಲದ ಈ ಅಪರೂಪದ ನೋವುಗಳಲ್ಲಿ ನೋವಿರುವ ಬದಿಯ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಮೂಗು ಕಟ್ಟುತ್ತದೆ ಇಲ್ಲವೇ ಸೋರುತ್ತದೆ, ರೆಪ್ಪೆ ಜೋತುಬೀಳುತ್ತದೆ. ನೋಡಲು ಒಂದೇ ಥರ ಕಂಡರೂ ಇವುಗಳ ಔಷಧಗಳು ಬೇರೆ ಬೇರೆ. ಒಂದಕ್ಕೆ ಎರಡೇ ದಿನದಲ್ಲಿ ನೋವು ಕಳೆಯುವ ಮಾತ್ರೆ ಇನ್ನೊಂದಕ್ಕೆ ಏನೂ ಮಾಡದು. ಪ್ರಮಾಣಗಳನ್ನು ಇಲ್ಲಿ ಬಿಡಿಸಿ ಬರೆದಿರುವುದು ನಿಮ್ಮ ವೈದ್ಯರ ಜೊತೆ ತಿಳಿದು ಮಾತಾಡಲಿ ಎಂದು. ಇವುಗಳಲ್ಲಿ ಯಾವುದನ್ನೂ ನೀವಾಗಿ ಶುರುಮಾಡಬೇಡಿ.

ಪ್ರಶ್ನೆ: ನನಗೆ 38 ವರ್ಷ. ಮೂರು ವಾರದಿಂದ ರಾತ್ರಿ ಒಂದೂವರೆ ಸುಮಾರಿಗೆ ಬಲಗಣ್ಣಿನ ಹಿಂದೆ ಕಾದ ಸಲಾಕೆ ತೂರಿಸಿದಂಥ ನೋವಿನಿಂದ ಎಚ್ಚರವಾಗುತ್ತದೆ. ಮಲಗಲಾಗದು, ಕೂರಲಾಗದು. ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಗೋಡೆಗೆ ತಲೆ ಒತ್ತಿಕೊಳ್ಳುತ್ತೇನೆ. ಒಂದು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಕಳೆದ ವರ್ಷವೂ ಎರಡು ತಿಂಗಳು ಹೀಗೇ ಆಗಿ ನಿಂತಿತ್ತು. ಸೈನಸ್ ಎಂದು ಎರಡು ಸಲ ಆಂಟಿಬಯೋಟಿಕ್ ಕೊಟ್ಟರು. ಒಂದು ದವಡೆ ಹಲ್ಲನ್ನೂ ಕೀಳಿಸಿದ್ದಾಯಿತು. ಇದು ಮೈಗ್ರೇನೇ?

ಉತ್ತರ: ನೀವು ಬರೆದಿರುವುದು ಕ್ಲಸ್ಟರ್ ತಲೆನೋವಿನ ಲಕ್ಷಣಗಳು. ಮೈಗ್ರೇನ್ ಬಂದವರು ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾರೆ. ಕ್ಲಸ್ಟರ್ ಬಂದವರಿಗೆ ಒಂದೆಡೆ ನಿಲ್ಲಲೂ ಆಗುವುದಿಲ್ಲ. ವೈದ್ಯರ ಬಳಿ ಹೋದಾಗ ‘ತುಂಬಾ ತಲೆನೋವು’ ಎನ್ನುವ ಬದಲು ‘ಗೋಡೆಗೆ ತಲೆ ಒತ್ತಿಕೊಂಡು ಓಡಾಡುತ್ತೇನೆ’ ಎಂದೇ ಹೇಳಿ. ಆ ಒಂದು ಮಾತಿನಲ್ಲಿ ಅರ್ಧ ರೋಗ ತಿಳಿದುಬಿಡುತ್ತದೆ. ಸೈನಸ್ ಎಂದು, ಹಲ್ಲು ಎಂದು ಹಾದಿ ತಪ್ಪುವುದು ಈ ಕಾಯಿಲೆಯಲ್ಲಿ ತೀರ ಸಾಮಾನ್ಯ. ಮೂಗು ಕಟ್ಟುತ್ತದೆ, ನೋವು ಮೇಲ್ದವಡೆಗೆ ಇಳಿಯುತ್ತದೆ. ವಾರ, ತಿಂಗಳುಗಟ್ಟಲೆ ದಾಳಿಗಳು ಮತ್ತೆ ಮತ್ತೆ ಬರುವ ಸರದಿ ಮುಗಿದು ನೋವು ತಾನಾಗಿ ನಿಂತಾಗ, ಹಲ್ಲು ಕಿತ್ತಿದ್ದರಿಂದಲೇ ವಾಸಿಯಾಯಿತು ಎಂದು ಎಲ್ಲರೂ ನಂಬುತ್ತಾರೆ.

ನೋವು ಬಂದಾಗ ಗಡಿಯಾರ ನೋಡಿ ಬರೆದಿಡಿ. ಔಷಧದ ಆಯ್ಕೆ ನಿಂತಿರುವುದು ಅದರ ಮೇಲೆ. ಕ್ಲಸ್ಟರ್‌ನ ಒಂದು ದಾಳಿ 15ರಿಂದ 180 ನಿಮಿಷ ಇರುತ್ತದೆ. ಎರಡು ದಿನಕ್ಕೊಮ್ಮೆಯಿಂದ ಹಿಡಿದು ದಿನಕ್ಕೆ ಎಂಟು ಸಲದವರೆಗೆ ಬರಬಹುದು. 2ರಿಂದ 30 ನಿಮಿಷದ ದಾಳಿ ದಿನಕ್ಕೆ ಐದಕ್ಕಿಂತ ಹೆಚ್ಚು ಸಲ ಬರುತ್ತಿದ್ದರೆ ಅದು ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ. ಒಂದು ಸೆಕೆಂಡಿನಿಂದ ಹತ್ತು ನಿಮಿಷದೊಳಗಿನ ಇರಿತಗಳು ದಿನಕ್ಕೆ ಹತ್ತಾರು, ಕೆಲವರಲ್ಲಿ ನೂರಾರು ಬಂದರೆ ಸಂಕ್ಟ್. ಮೂರು ತಿಂಗಳು ಮೀರಿ ಒಂದೇ ಬದಿಯಲ್ಲಿ ನೋವು ಬಿಡದೇ ಇದ್ದರೆ ಹೆಮಿಕ್ರೇನಿಯಾ ಕಂಟಿನ್ಯೂವಾ. ನಾಲ್ಕರಲ್ಲಿ ಯಾವುದೇ ಇರಲಿ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯೂ ಮೆದುಳಿನ ಹಿಂಭಾಗವೂ ಸರಿಯಾಗಿ ಕಾಣುವಂತೆ ಒಂದು ಸಲ ಎಂಆರ್‌ಐ ಆಗಬೇಕು. ಪಿಟ್ಯುಟರಿಯ ಸಣ್ಣ ಗಡ್ಡೆಯೂ ಇದೇ ರೀತಿಯ ನೋವು ಕೊಡಬಲ್ಲದು, ಸಾಮಾನ್ಯ ಸಿಟಿ ಸ್ಕ್ಯಾನ್‌ನಲ್ಲಿ ಅದು ಕಣ್ಣಿಗೆ ಬೀಳದೇ ಹೋಗಬಹುದು.

ಸರದಿ ನಡೆಯುತ್ತಿರುವಾಗ ಮದ್ಯ ಪೂರ್ತಿ ಬಿಡಿ. ಒಂದು ಗುಟುಕು ಕೂಡ ಗಂಟೆಯೊಳಗೆ ದಾಳಿ ಎಬ್ಬಿಸಬಹುದು.

ಪ್ರಶ್ನೆ: ಕ್ಲಸ್ಟರ್‌ಗೆ ಆಕ್ಸಿಜನ್ ಒಳ್ಳೆಯದು ಎಂದು ಕೇಳಿ ಮನೆಗೇ ತರಿಸಿದೆವು. ಮೂಗಿಗೆ ನಳಿಗೆ ಹಾಕಿಕೊಂಡು ಅರ್ಧ ಗಂಟೆ ಕೂತರೂ ಏನೂ ಆಗಲಿಲ್ಲ. ನನ್ನ ಪತಿಗೆ ಆಕ್ಸಿಜನ್ ಹಿಡಿಸುವುದಿಲ್ಲ ಎಂದು ತಿಳಿಯಬೇಕೇ?

ಉತ್ತರ: ಬೇಡ. ನಿಮ್ಮ ಪತಿಗೆ ಬೇಕಾದ ಆಕ್ಸಿಜನ್ ಇನ್ನೂ ಸಿಕ್ಕೇ ಇಲ್ಲ. ಮೂಗಿನ ನಳಿಗೆಯಲ್ಲಿ ನಿಮಿಷಕ್ಕೆ ಎರಡು, ನಾಲ್ಕು ಲೀಟರ್ ಹರಿಯುತ್ತದೆ. ಉಸಿರೆಳೆದಾಗ ಅದರ ಜೊತೆ ಕೋಣೆಯ ಗಾಳಿಯೇ ಹೆಚ್ಚು ಒಳಗೆ ಹೋಗುತ್ತದೆ. ಕ್ಲಸ್ಟರ್‌ಗೆ ಬೇಕಿರುವುದು ಶೇ. 100 ಆಕ್ಸಿಜನ್, ನಿಮಿಷಕ್ಕೆ 12ರಿಂದ 15 ಲೀಟರ್, ಚೀಲವಿರುವ ನಾನ್-ರೀಬ್ರೀದರ್ ಮಾಸ್ಕ್‌ನಲ್ಲಿ, 15ರಿಂದ 20 ನಿಮಿಷ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 12 ಲೀಟರ್ ಹರಿವಿನಲ್ಲಿ 15 ನಿಮಿಷ ಆಕ್ಸಿಜನ್ ಪಡೆದ ದಾಳಿಗಳಲ್ಲಿ ಶೇ. 78ರಷ್ಟಕ್ಕೆ ಒಳ್ಳೆಯ ಪರಿಹಾರ ಸಿಕ್ಕಿತು. ಬರೀ ಗಾಳಿ ಕೊಟ್ಟಾಗ ಸಿಕ್ಕಿದ್ದು ಶೇ. 20ಕ್ಕೆ. ಇಷ್ಟು ಫಲ ಕೊಟ್ಟೂ ಇಷ್ಟು ಕಡಿಮೆ ಅಡ್ಡಪರಿಣಾಮದ ಚಿಕಿತ್ಸೆ ಈ ಕಾಯಿಲೆಗೆ ಇನ್ನೊಂದಿಲ್ಲ. ಹಾಗಾಗಿ ಒಂದು ಸಲ ಸೋತಿತೆಂದು ಕೈಬಿಡಬೇಡಿ.

ಮಾಸ್ಕ್ ಹಾಕುವ ಮೊದಲು ಹರಿವನ್ನು ಪೂರ್ತಿ ತೆರೆದು, ಒಳಗಿನ ಕವಾಟದ ಮೇಲೆ ಬೆರಳಿಟ್ಟು, ಚೀಲ ಉಬ್ಬಿ ತುಂಬುವವರೆಗೆ ಕಾಯಿರಿ. ಆಮೇಲೆ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ದಾರ ಸಾಲದೇ ಹೋದರೆ ಕೈಯಿಂದ ಒತ್ತಿ ಹಿಡಿಯಲಿ. ಕುರ್ಚಿಯ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ ಕೂತು ಆಳವಾಗಿ ಉಸಿರಾಡಲಿ. ನೀವು ಚೀಲವನ್ನೇ ನೋಡುತ್ತಿರಿ: ಉಸಿರೆಳೆದಾಗ ಚೀಲ ಪೂರ್ತಿ ಚಪ್ಪಟೆಯಾದರೆ ಹರಿವು ಸಾಲದು, ಅಲುಗಾಡದೇ ಇದ್ದರೆ ಮಾಸ್ಕ್ ಪಕ್ಕದಿಂದ ಗಾಳಿ ನುಗ್ಗುತ್ತಿದೆ. ಕೆಲವು ಮಾಸ್ಕ್‌ಗಳಲ್ಲಿ ಒಂದು ಬದಿಯ ತೂತಿಗೆ ಕವಾಟವೇ ಇರುವುದಿಲ್ಲ. ಅದನ್ನು ಮುಚ್ಚುವ ಬಗ್ಗೆ ಕೊಟ್ಟವರನ್ನು ಕೇಳಿ. ನೋವು ಹೋದ ಮೇಲೂ ಐದು ನಿಮಿಷ ಮುಂದುವರಿಸಿದರೆ ಮರಳಿ ಬರುವುದು ಕಡಿಮೆ.

ತಪ್ಪುವುದು ಹೆಚ್ಚಾಗಿ ಮೂರು ಕಡೆ. ಸಿಲಿಂಡರಿನ ರೆಗ್ಯುಲೇಟರ್ 15 ಲೀಟರ್‌ವರೆಗೆ ತೆರೆಯುವಂಥದ್ದೇ ಎಂದು ನೋಡಿರುವುದಿಲ್ಲ. ಸಿಲಿಂಡರಿನ ಬದಲು ಕಾನ್ಸನ್‌ಟ್ರೇಟರ್ ಯಂತ್ರ ತಂದಿರುತ್ತಾರೆ, ಮನೆಯಲ್ಲಿ ಬಳಸುವಂಥವು ಸಾಮಾನ್ಯವಾಗಿ 5ರಿಂದ 10 ಲೀಟರ್ ಮಾತ್ರ ಕೊಡುತ್ತವೆ. ಇಲ್ಲವೇ ನೋವು ಶಿಖರಕ್ಕೇರಿದ ಮೇಲೆ ಮಾಸ್ಕ್ ಹುಡುಕಲು ಹೊರಡುತ್ತಾರೆ. ಹಾಸಿಗೆಯ ಪಕ್ಕದಲ್ಲೇ ಎಲ್ಲ ಜೋಡಿಸಿಟ್ಟಿರಬೇಕು. ಲೆಕ್ಕ ಸುಲಭ: ನಿಮಿಷಕ್ಕೆ 15 ಲೀಟರಿನಂತೆ 20 ನಿಮಿಷಕ್ಕೆ 300 ಲೀಟರ್, ಅಂದರೆ 1500 ಲೀಟರಿನ ಸಿಲಿಂಡರ್ ಐದು ದಾಳಿಗೆ ಮುಗಿಯುತ್ತದೆ.

ಹತ್ತಿರ ಬೆಂಕಿ, ಸಿಗರೇಟು ಬೇಡವೇ ಬೇಡ. ಕವಾಟಕ್ಕೆ ಎಣ್ಣೆ, ಗ್ರೀಸ್ ಮುಟ್ಟಿಸಬಾರದು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಸುಮಾಟ್ರಿಪ್ಟಾನ್ ಮಾತ್ರೆ ನುಂಗಿದರೆ ಪರಿಣಾಮ ಬರುವಷ್ಟರಲ್ಲಿ ನೋವೇ ಮುಗಿದಿರುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಅದೇ ಔಷಧದ 6 ಮಿಲಿಗ್ರಾಂ ಇಂಜೆಕ್ಷನ್, ತೊಡೆ ಅಥವಾ ತೋಳಿನ ಚರ್ಮದಡಿಗೆ. ಹತ್ತು ಹದಿನೈದು ನಿಮಿಷದಲ್ಲಿ ಬಹುಪಾಲು ಜನರಿಗೆ ನೋವು ಇಳಿಯುತ್ತದೆ. 24 ಗಂಟೆಯಲ್ಲಿ ಎರಡೇ ಇಂಜೆಕ್ಷನ್, ನಡುವೆ ಕನಿಷ್ಠ ಒಂದು ಗಂಟೆ ಅಂತರ. ಚುಚ್ಚಿಕೊಳ್ಳಲು ಒಲ್ಲದವರಿಗೆ ಮೂಗಿನ ಸ್ಪ್ರೇ ಉಂಟು: ಸುಮಾಟ್ರಿಪ್ಟಾನ್ 20 ಮಿಲಿಗ್ರಾಂ ಅಥವಾ ಝೋಲ್ಮಿಟ್ರಿಪ್ಟಾನ್ 5 ಮಿಲಿಗ್ರಾಂ. ನೋವಿರುವ ಬದಿಯ ಹೊಳ್ಳೆ ಕಟ್ಟಿರುತ್ತದೆ, ಆದ್ದರಿಂದ ಸ್ಪ್ರೇಯನ್ನು ಇನ್ನೊಂದು ಹೊಳ್ಳೆಗೆ ಹಾಕಿ. ಹೃದಯಾಘಾತ, ಎದೆನೋವು, ಪಾರ್ಶ್ವವಾಯು ಆದವರಿಗೆ, ರಕ್ತದೊತ್ತಡ ಹತೋಟಿಯಲ್ಲಿಲ್ಲದವರಿಗೆ ಟ್ರಿಪ್ಟಾನ್ ಯಾವ ರೂಪದಲ್ಲೂ ಕೂಡದು, ಅವು ರಕ್ತನಾಳವನ್ನು ಕುಗ್ಗಿಸುತ್ತವೆ. ಮೈಗ್ರೇನ್‌ನ ಹಳೆಯ ಔಷಧ ಎರ್ಗಾಟಮೈನ್ ತೆಗೆದುಕೊಂಡ 24 ಗಂಟೆಯೊಳಗೂ ಬೇಡ. ಅಂಥವರಿಗೆ ಆಕ್ಸಿಜನ್ನೇ ಆಸರೆ. ಪ್ಯಾರಾಸಿಟಮಾಲ್, ಟ್ರಮಡಾಲ್ ಇತ್ಯಾದಿ ಕ್ಲಸ್ಟರ್‌ಗೆ ಕೆಲಸ ಮಾಡುವುದಿಲ್ಲ. ಸುಮ್ಮನೆ ಮಾತ್ರೆಯ ಎಣಿಕೆ ಏರುತ್ತದೆ.

ಪ್ರಶ್ನೆ: ಕ್ಲಸ್ಟರ್ ತಡೆಯಲು ವೆರಪಮಿಲ್ 80 ಮಿಲಿಗ್ರಾಂ ದಿನಕ್ಕೆ ಮೂರು ಸಲ ಕೊಟ್ಟಿದ್ದಾರೆ. ಹತ್ತು ದಿನವಾಯಿತು, ನೋವು ಹಾಗೇ ಇದೆ. ಬಿಟ್ಟುಬಿಡಲೇ? ಹಿಂದೆ ಮೈಗ್ರೇನ್ ಎಂದು ಕೊಟ್ಟಿದ್ದ ಪ್ರೊಪ್ರನಲಾಲ್ ಕೂಡ ನಡೆಯುತ್ತಿದೆ.

ಉತ್ತರ: ಮೊದಲು ಎರಡನೆಯ ಮಾತು, ಅದು ತುರ್ತಿನದು. ವೆರಪಮಿಲ್ ಮತ್ತು ಪ್ರೊಪ್ರನಲಾಲ್ ಎರಡೂ ಹೃದಯದ ಬಡಿತವನ್ನು ನಿಧಾನಿಸುತ್ತವೆ, ಹೃದಯದೊಳಗಿನ ವಿದ್ಯುತ್ ಹರಿವನ್ನು ತಡೆಯುತ್ತವೆ. ಜೊತೆಗೂಡಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇಂದೇ ವೈದ್ಯರಿಗೆ ಫೋನ್ ಮಾಡಿ ಎರಡೂ ನಡೆಯುತ್ತಿವೆ ಎಂದು ತಿಳಿಸಿ. ಪ್ರೊಪ್ರನಲಾಲ್ ಅನ್ನು ನೀವಾಗಿ ಥಟ್ಟನೆ ನಿಲ್ಲಿಸುವುದೂ ಒಳ್ಳೆಯದಲ್ಲ. ತಲೆಸುತ್ತು, ಕಣ್ಣು ಕತ್ತಲೆ, ಎಚ್ಚರ ತಪ್ಪುವಿಕೆ ಏನಾದರೂ ಇದ್ದರೆ ಫೋನ್ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ. ಒಬ್ಬರು ಮೈಗ್ರೇನ್ ಎಂದು, ಇನ್ನೊಬ್ಬರು ಕ್ಲಸ್ಟರ್ ಎಂದು ಬರೆದುಕೊಟ್ಟ ಎರಡು ಚೀಟಿಗಳು ಒಂದೇ ಮನೆಯಲ್ಲಿ ಕೂಡುವುದು ಹೀಗೆಯೇ.

ಇನ್ನು ಪ್ರಮಾಣ. ದಿನಕ್ಕೆ 240 ಮಿಲಿಗ್ರಾಂ ಎಂಬುದು ಶುರುವಿನ ಮೆಟ್ಟಿಲು. ರಕ್ತದೊತ್ತಡಕ್ಕೆ ಇಷ್ಟು ಸಾಕಾಗಬಹುದು, ಕ್ಲಸ್ಟರ್‌ಗೆ ಅನೇಕರಿಗೆ 360ರಿಂದ 480 ಬೇಕಾಗುತ್ತದೆ. ತಜ್ಞರ ಕಣ್ಗಾವಲಿನಲ್ಲಿ ಕೆಲವರಿಗೆ 960ರವರೆಗೂ ಹೋಗುತ್ತಾರೆ. ಎರಡು ವಾರಕ್ಕೊಮ್ಮೆ 80 ಮಿಲಿಗ್ರಾಂ ಏರಿಸಿ, ಏರಿಸಿದ ಹತ್ತು ದಿನದ ಆಸುಪಾಸಿನಲ್ಲಿ ಇಸಿಜಿ ತೆಗೆದು, ಸರಿಯಿದ್ದರೆ ಮಾತ್ರ ಮುಂದಿನ ಮೆಟ್ಟಿಲು. ಮೊದಲ ಮಾತ್ರೆಗೆ ಮುಂಚೆಯೂ ಒಂದು ಇಸಿಜಿ ಆಗಿರಬೇಕು. ಅದರಲ್ಲಿ ನೋಡುವುದು ಪಿಆರ್ ಅಂತರವನ್ನು, ಅಂದರೆ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ತಲುಪಲು ಹಿಡಿಯುವ ಸಮಯವನ್ನು. ಅದು 200 ಮಿಲಿಸೆಕೆಂಡ್ ಮೀರಿದರೆ ಆ ಸಂಕೇತಕ್ಕೆ ತಡೆ (ಹಾರ್ಟ್ ಬ್ಲಾಕ್) ಶುರುವಾಗಿದೆ ಎಂದರ್ಥ. ಈ ತಡೆ ತಿಂಗಳುಗಳ ನಂತರವೂ, ಪ್ರಮಾಣ ಬದಲಿಸದೇ ಇದ್ದರೂ ಕಾಣಿಸಿಕೊಳ್ಳಬಹುದು. ಅದಕ್ಕೇ ದೀರ್ಘಕಾಲ ತೆಗೆದುಕೊಳ್ಳುವವರಿಗೆ ಆರು ತಿಂಗಳಿಗೊಮ್ಮೆ ಇಸಿಜಿ. ಮಲಬದ್ಧತೆ ಅನೇಕರಿಗೆ ಬರುತ್ತದೆ, ಮೊದಲ ವಾರದಿಂದಲೇ ನಾರಿನಂಶ, ನೀರು ಹೆಚ್ಚಿಸಿ. ಪಾದ ಊದಬಹುದು. ವಸಡು ಬೆಳೆದು ಹಲ್ಲಿನ ಮೇಲೆ ಏರುವುದೂ ಉಂಟು. ಕ್ಲಾರಿತ್ರೋಮೈಸಿನ್, ಎರಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್‌ಗಳೂ ದ್ರಾಕ್ಷಿಹಣ್ಣಲ್ಲದ ಗ್ರೇಪ್‌ಫ್ರೂಟ್ ಎಂಬ ಹುಳಿಹಣ್ಣಿನ ರಸವೂ ರಕ್ತದಲ್ಲಿ ವೆರಪಮಿಲ್ ಮಟ್ಟವನ್ನು ಏರಿಸುತ್ತವೆ.

ವೆರಪಮಿಲ್ ಹಿಡಿತಕ್ಕೆ ಬರಲು ಎರಡು ಮೂರು ವಾರ ಬೇಕು. ಅಷ್ಟು ದಿನ ರಾತ್ರಿಯಿಡೀ ನರಳಬೇಕಿಲ್ಲ. ನಡುವಿನ ಸೇತುವೆಯಾಗಿ ಸ್ಟೀರಾಯ್ಡ್ ಕೊಡುತ್ತಾರೆ: ಪ್ರೆಡ್ನಿಸೋನ್ ದಿನಕ್ಕೆ 100 ಮಿಲಿಗ್ರಾಂ ಐದು ದಿನ, ಆಮೇಲೆ ಮೂರು ದಿನಕ್ಕೊಮ್ಮೆ 20 ಇಳಿಸುತ್ತ ಒಟ್ಟು 17 ದಿನ. ಬೆಳಿಗ್ಗೆಯೇ, ತಿಂಡಿಯ ಜೊತೆ. ಸಕ್ಕರೆ ಕಾಯಿಲೆ ಇದ್ದವರು ಆ ದಿನಗಳಲ್ಲಿ ರಕ್ತದ ಸಕ್ಕರೆಯನ್ನು ದಿನವೂ ನೋಡಬೇಕು. ಒಳ್ಳೆಯದಾಯಿತೆಂದು ಸರದಿ ಬಂದಾಗಲೆಲ್ಲ ತಾವಾಗಿ ಸ್ಟೀರಾಯ್ಡ್ ನುಂಗುವವರಿದ್ದಾರೆ. ಪದೇ ಪದೇ ತೆಗೆದುಕೊಂಡರೆ ಸೊಂಟದ ಕೀಲಿನ ಮೂಳೆಯೇ ಸಾಯಬಹುದು. ಸ್ಟೀರಾಯ್ಡ್ ಮಾತ್ರೆ ಬೇಡವೆನ್ನುವವರಿಗೆ ತಲೆಯ ಹಿಂಭಾಗದ ಆಕ್ಸಿಪಿಟಲ್ ನರದ ಬಳಿ ಸ್ಟೀರಾಯ್ಡನ್ನು ಅರಿವಳಿಕೆಯೊಂದಿಗೆ ಚುಚ್ಚುವ ಕ್ರಮವಿದೆ. ಹಲವರಿಗೆ ಕೆಲವು ವಾರಗಳ ಬಿಡುವು ಸಿಗುತ್ತದೆ.

ಪ್ರಶ್ನೆ: ನನ್ನ ಅಣ್ಣನಿಗೆ ಕ್ಲಸ್ಟರ್ ವರ್ಷವಿಡೀ ಇದೆ. ವೆರಪಮಿಲ್ ಹಿಡಿಸಲಿಲ್ಲ. ಲಿಥಿಯಂ ಬರೆದುಕೊಟ್ಟಿದ್ದಾರೆ. ಅದು ಮನೋರೋಗದ ಮಾತ್ರೆಯಲ್ಲವೇ? ತಿಂಗಳಿಗೊಂದು ಹೊಸ ಇಂಜೆಕ್ಷನ್ ಬಂದಿದೆಯಂತೆ, ಅದೇ ಒಳ್ಳೆಯದೇ?

ಉತ್ತರ: ಔಷಧ ಅದೇ, ಆದರೆ ಅವರಿಗೆ ಕೊಡುತ್ತಿರುವುದು ಮನಸ್ಸಿಗಲ್ಲ. ವರ್ಷವಿಡೀ ಬಿಡುವಿಲ್ಲದೆ ಕಾಡುವ ಕ್ಲಸ್ಟರ್‌ಗೆ ವೆರಪಮಿಲ್ ಬಿಟ್ಟರೆ ಲಿಥಿಯಂ ಹಳೆಯ ನಂಬಿಕಸ್ಥ ಔಷಧ, ಸಾಮಾನ್ಯವಾಗಿ ದಿನಕ್ಕೆ 600ರಿಂದ 900 ಮಿಲಿಗ್ರಾಂ. ಇದರಲ್ಲಿ ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಕಡಿಮೆ. ಹಾಗಾಗಿ ಕೊನೆಯ ಮಾತ್ರೆ ನುಂಗಿ ಸರಿಯಾಗಿ 12 ಗಂಟೆಗೆ ರಕ್ತ ಕೊಡಬೇಕು. ಬೆಳಿಗ್ಗೆಯ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆ ಮೊದಲೂ ಆಗಬೇಕು, ನಡುನಡುವೆಯೂ ಆಗಬೇಕು. ಐಬುಪ್ರೊಫೇನ್ ತರಹದ ನೋವಿನ ಮಾತ್ರೆಗಳು, ಮೂತ್ರ ಹೆಚ್ಚಿಸುವ ಕೆಲವು ಬಿಪಿ ಮಾತ್ರೆಗಳು, ವಾಂತಿ ಭೇದಿಯಿಂದ ನೀರಿನಂಶ ಕಳೆಯುವುದು ಇವೆಲ್ಲ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊಸ ಇಂಜೆಕ್ಷನ್ ಗ್ಯಾಲ್ಕನೆಝುಮ್ಯಾಬ್. ತಿಂಗಳಿಗೆ 300 ಮಿಲಿಗ್ರಾಂ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಸರದಿಯಲ್ಲಿ ಬಂದುಹೋಗುವ ಕ್ಲಸ್ಟರ್‌ಗೆ ಮಾತ್ರ. ವರ್ಷವಿಡೀ ಇರುವ ಬಗೆಯಲ್ಲಿ ನಡೆಸಿದ ಪ್ರಯೋಗದಲ್ಲಿ ಅದು ಗೆಲ್ಲಲಿಲ್ಲ. ನಿಮ್ಮ ಅಣ್ಣನ ವಿಷಯದಲ್ಲಿ ಲಿಥಿಯಮ್ಮೇ ಮೊದಲಾಗಲಿ.

ಪ್ರಶ್ನೆ: ವಯಸ್ಸು 44. ಎಂಟು ತಿಂಗಳಿಂದ ಎಡಬದಿಯ ತಲೆನೋವು ಒಂದು ಗಳಿಗೆಯೂ ಬಿಟ್ಟಿಲ್ಲ. ದಿನದಲ್ಲಿ ಕೆಲವು ಸಲ ಜೋರಾಗುತ್ತದೆ, ಆಗ ಎಡಗಣ್ಣಲ್ಲಿ ಮರಳು ಬಿದ್ದಂತಾಗಿ ನೀರು ಬರುತ್ತದೆ. ಇಂಡೊಮೆಥಾಸಿನ್ 25 ಮಿಲಿಗ್ರಾಂ ದಿನಕ್ಕೆ ಎರಡರಂತೆ ನಾಲ್ಕು ದಿನ ಕೊಟ್ಟು, ಗುಣವಿಲ್ಲವೆಂದು ನಿಲ್ಲಿಸಿದರು.

ಉತ್ತರ: ಆ ಪರೀಕ್ಷೆಯನ್ನು ಮತ್ತೊಮ್ಮೆ, ಸರಿಯಾಗಿ ಮಾಡಬೇಕು. ನಿಮ್ಮ ವಿವರ ಹೆಮಿಕ್ರೇನಿಯಾ ಕಂಟಿನ್ಯೂವಾಕ್ಕೆ ಹೊಂದುತ್ತದೆ. ಇದಕ್ಕೂ ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾಕ್ಕೂ ಇಂಡೊಮೆಥಾಸಿನ್ ಬರೀ ಔಷಧವಲ್ಲ, ಕಾಯಿಲೆಯನ್ನು ಗುರುತಿಸುವ ಒರೆಗಲ್ಲು. 1974ರಲ್ಲಿ ನಾರ್ವೆಯ ಸ್ಯೋಸ್ಟಾಡ್ ಮತ್ತು ಡಾಲೆ ಪ್ಯಾರಾಕ್ಸಿಸ್ಮಲ್ ಬಗೆಯನ್ನು ವಿವರಿಸಿದಾಗಿನಿಂದ ಈ ಮಾತು ನಿಂತಿದೆ. ಸರಿಯಾದ ಪ್ರಮಾಣ ಸಿಕ್ಕರೆ ನೋವು ಪೂರ್ತಿ ಹೋಗಬೇಕು. ‘ಸ್ವಲ್ಪ ವಾಸಿ’ ಎನ್ನುವುದು ಲೆಕ್ಕಕ್ಕಿಲ್ಲ.

ದಿನಕ್ಕೆ 50 ಮಿಲಿಗ್ರಾಂನಿಂದ ಏನೂ ಹೇಳಲಾಗದು. ಸಾಮಾನ್ಯ ಕ್ರಮ ಹೀಗೆ: 25 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಮೂರು ದಿನ. ಸಾಲದಿದ್ದರೆ 50 ಮಿಲಿಗ್ರಾಂ ಮೂರು ಸಲ. ಆಗಲೂ ಉಳಿದರೆ 75 ಮಿಲಿಗ್ರಾಂ ಮೂರು ಸಲ, ಅಂದರೆ ದಿನಕ್ಕೆ 225. ಕೊನೆಯ ಮೆಟ್ಟಿಲಲ್ಲಿ ಅವಸರ ಬೇಡ, ಒಂದೆರಡು ವಾರ ಕಾದು ನೋಡಿ ತೀರ್ಮಾನಿಸಬೇಕು. ಮಾತ್ರೆಯನ್ನು ಊಟದ ನಡುವೆಯೋ ಊಟವಾದ ಕೂಡಲೇಯೋ ನುಂಗಿ. ಮೊದಲ ದಿನದಿಂದಲೇ ಪ್ಯಾಂಟೊಪ್ರಝೋಲ್‌ನಂಥ ಹೊಟ್ಟೆ ಕಾಯುವ ಮಾತ್ರೆ ಜೊತೆಗಿರಲಿ. ಎದೆಯುರಿ ಶುರುವಾದ ಮೇಲೆ ಸೇರಿಸಿದರೆ ತಡವಾದಂತೆ. ಮಲ ಟಾರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿದೆ ಎಂದರ್ಥ, ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು, ಆಸ್ಪಿರಿನ್‌ನಿಂದ ಉಬ್ಬಸ ಬರುವವರು, ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ಗರ್ಭಿಣಿಯರು ಮೊದಲೇ ತಿಳಿಸಬೇಕು. ಬಿಪಿಯನ್ನೂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನೂ ನೋಡುತ್ತಿರಬೇಕು.

ನೋವು ಹೋಯಿತೆನ್ನಿ. ಆಮೇಲಿನ ಕೆಲಸ, ನೋವು ಮರಳದ ಅತಿ ಕಡಿಮೆ ಪ್ರಮಾಣವನ್ನು ಹುಡುಕುವುದು. ಕೆಲವು ದಿನಕ್ಕೊಮ್ಮೆ 25 ಮಿಲಿಗ್ರಾಂ ಇಳಿಸುತ್ತಾ ಹೋದರೆ ಆ ಗೆರೆ ತಾನಾಗಿ ಗೊತ್ತಾಗುತ್ತದೆ. ಒಂದು ಹೊತ್ತು ಮಾತ್ರೆ ತಪ್ಪಿದರೂ ನೋವು ಹಾಜರಾಗುವುದು ಈ ಕಾಯಿಲೆಯ ಗುರುತೇ. ಹೊಟ್ಟೆ ತಡೆಯದವರಿಗೆ ಸೆಲೆಕಾಕ್ಸಿಬ್, ಟೋಪಿರಮೇಟ್, ಮೆಲಟೋನಿನ್, ಆಕ್ಸಿಪಿಟಲ್ ನರದ ಇಂಜೆಕ್ಷನ್ ಪ್ರಯತ್ನಿಸುತ್ತಾರೆ. ಕೆಲವರಿಗೆ ಹಿಡಿಸುತ್ತವೆ, ಇಂಡೊಮೆಥಾಸಿನ್‌ನ ಖಚಿತತೆ ಅವಕ್ಕಿಲ್ಲ.

ಪ್ರಶ್ನೆ: ಮುಖ ತೊಳೆದರೆ, ತಲೆ ಬಾಚಿದರೆ ಕಣ್ಣಿನ ಸುತ್ತ ಮಿಂಚು ಹೊಡೆದಂತೆ ನೋವು, ಒಂದು ನಿಮಿಷವೂ ಇಲ್ಲ, ದಿನಕ್ಕೆ ನೂರು ಸಲ. ಕಣ್ಣು ಕೆಂಪಾಗಿ ಧಾರಾಕಾರ ನೀರು. ಮುಖದ ನರದ ನೋವೆಂದು ಕಾರ್ಬಮಝೆಪಿನ್ ಕೊಟ್ಟಿದ್ದಾರೆ, ಅಷ್ಟಕ್ಕಷ್ಟೇ.

ಉತ್ತರ: ಮುಖದ ನರದ ನೋವು ಹೆಚ್ಚಾಗಿ ಕೆನ್ನೆ, ದವಡೆಯಲ್ಲಿ. ಕಣ್ಣೀರು ಅಷ್ಟಾಗಿ ಇರದು. ಒಂದು ಸಲ ಹೊಡೆದ ಮೇಲೆ ಸ್ವಲ್ಪ ಹೊತ್ತು ಅದೇ ಜಾಗ ಮುಟ್ಟಿದರೂ ಸುಮ್ಮನಿರುತ್ತದೆ. ಸಂಕ್ಟ್‌ನಲ್ಲಿ ಆ ಬಿಡುವಿಲ್ಲ, ಮುಟ್ಟಿದಷ್ಟೂ ಸಲ ಹೊಡೆಯುತ್ತದೆ. ನಿಮ್ಮದು ಸಂಕ್ಟ್ ಎಂದಾದರೆ ಮೊದಲ ಆಯ್ಕೆ ಲ್ಯಾಮೊಟ್ರಿಜಿನ್. ಆಕ್ಸಿಜನ್, ಇಂಡೊಮೆಥಾಸಿನ್ ಇಲ್ಲಿ ಕೆಲಸಕ್ಕೆ ಬಾರವು.

ಲ್ಯಾಮೊಟ್ರಿಜಿನ್ ಏರಿಸುವುದು ಆಮೆಯ ನಡಿಗೆಯಲ್ಲೇ: ದಿನಕ್ಕೆ 25 ಮಿಲಿಗ್ರಾಂ ಎರಡು ವಾರ, 50 ಎರಡು ವಾರ, ಆಮೇಲೆ ಒಂದೆರಡು ವಾರಕ್ಕೆ 50ರಂತೆ, ಅನೇಕರಿಗೆ 200ರ ಸುತ್ತ, ಕೆಲವರಿಗೆ 400ರವರೆಗೆ. ನೋವಿಗೆ ಹೆದರಿ ಬೇಗ ಏರಿಸಿದರೆ ಚರ್ಮ ಸುಲಿದುಬರುವ ಪ್ರಾಣಾಪಾಯದ ಅಲರ್ಜಿಯ ಭಯ ಹೆಚ್ಚು. ಅದು ಹೆಚ್ಚಾಗಿ ಮೊದಲ ಎಂಟು ವಾರದಲ್ಲಿ ಬರುತ್ತದೆ. ದದ್ದು, ಅದರಲ್ಲೂ ಜ್ವರ ಅಥವಾ ಬಾಯಿಹುಣ್ಣಿನ ಜೊತೆ ಬಂದರೆ, ಅಂದೇ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಐದು ದಿನಕ್ಕಿಂತ ಹೆಚ್ಚು ಮಾತ್ರೆ ತಪ್ಪಿದರೆ ಬಿಟ್ಟಲ್ಲಿಂದ ಮುಂದುವರಿಸಬೇಡಿ, ವೈದ್ಯರನ್ನು ಕೇಳಿ ಮತ್ತೆ 25ರಿಂದ ಶುರುಮಾಡಿ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಜೊತೆಗಿದ್ದರೆ ಆರಂಭದ ಪ್ರಮಾಣ ಇದರರ್ಧ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಲ್ಯಾಮೊಟ್ರಿಜಿನ್ ಮಟ್ಟವನ್ನು ತಗ್ಗಿಸುತ್ತದೆ. ಅಷ್ಟು ವಾರ ತಡೆಯಲಾಗದಂಥ ಉಲ್ಬಣದಲ್ಲಿ ಆಸ್ಪತ್ರೆಗೆ ಸೇರಿಸಿ, ಹೃದಯದ ಮಾನಿಟರ್ ಕಟ್ಟಿ, ಲಿಡೊಕೇನ್ ಅನ್ನು ರಕ್ತನಾಳದ ಮೂಲಕ ಹನಿಸುತ್ತಾರೆ. ಹೆಚ್ಚಿನವರಿಗೆ ಆ ದಿನಗಳಲ್ಲಿ ನೋವು ನಿಲ್ಲುತ್ತದೆ.

ಪ್ರಶ್ನೆ: ಅಮ್ಮನಿಗೆ 68. ಹಿಂದೆಂದೂ ತಲೆನೋವು ಬಂದವರಲ್ಲ. ಮೂರು ವಾರದಿಂದ ಬಲಗಡೆ ಕಣತಲೆಯಲ್ಲಿ ನೋವು, ಊಟ ಜಗಿಯುವಾಗ ದವಡೆ ಸೋಲುತ್ತದೆ ಎನ್ನುತ್ತಾರೆ. ಇಂಡೊಮೆಥಾಸಿನ್ ಕೊಡಿಸಬಹುದೇ?

ಉತ್ತರ: ಬೇಡ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 50 ದಾಟಿದ ಮೇಲೆ ಹೊಸದಾಗಿ ಬಂದ ಕಣತಲೆಯ ನೋವು, ಜಗಿಯುವಾಗ ದವಡೆ ಸೋಲುವುದು, ಬಾಚಣಿಗೆ ತಾಕಿದರೆ ನೆತ್ತಿ ನೋಯುವುದು ಇವು ಕಣತಲೆಯ ರಕ್ತನಾಳದ ಉರಿಯೂತದ ಲಕ್ಷಣ. ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗೆ ಕೊಟ್ಟು, ಅನುಮಾನ ಗಟ್ಟಿಯಿದ್ದರೆ ಬಯಾಪ್ಸಿಗೂ ಕಾಯದೆ ಸ್ಟೀರಾಯ್ಡ್ ಶುರುಮಾಡುತ್ತಾರೆ. ತಡವಾದರೆ ಕಣ್ಣು ಹೋಗುತ್ತದೆ, ಹೋದ ದೃಷ್ಟಿ ಮರಳುವುದು ತೀರ ಅಪರೂಪ.

ಪ್ರಶ್ನೆ: ಕ್ಲಸ್ಟರ್ ಸರದಿ ಮುಗಿದಂತಿದೆ. ಹತ್ತು ದಿನದಿಂದ ಒಂದು ದಾಳಿಯೂ ಇಲ್ಲ. ವೆರಪಮಿಲ್ ನಿಲ್ಲಿಸಲೇ?

ಉತ್ತರ: ಇನ್ನೂ ಸ್ವಲ್ಪ ದಿನ ಇರಲಿ. ಕನಿಷ್ಠ ಎರಡು ವಾರ ಒಂದೂ ದಾಳಿ ಬರದೇ ಇದ್ದ ಮೇಲೆ, ನಿಮ್ಮ ಸರದಿ ಸಾಮಾನ್ಯವಾಗಿ ಎಷ್ಟು ವಾರ ಇರುತ್ತದೋ ಅಷ್ಟು ಕಳೆದಿದೆಯೇ ಎಂದು ಡೈರಿಯಲ್ಲಿ ನೋಡಿ, ವೈದ್ಯರಿಗೆ ತಿಳಿಸಿ, ಏರಿಸಿದಂತೆಯೇ ಮೆಟ್ಟಿಲು ಮೆಟ್ಟಿಲಾಗಿ 80 ಮಿಲಿಗ್ರಾಂ ಇಳಿಸುತ್ತಾ ಬನ್ನಿ. ಇಳಿಸುವಾಗ ಕಣ್ಣಿನ ಹಿಂದೆ ಸಣ್ಣಗೆ ಮಿಡಿದಂತಾದರೆ ಹಿಂದಿನ ಮೆಟ್ಟಿಲಿಗೆ ಹೋಗಿ ಎರಡು ವಾರ ನಿಲ್ಲಿ. ಪೂರ್ತಿ ನಿಂತ ಮೇಲೆ ಮಾಸ್ಕನ್ನು ತೊಳೆದು ಒಣಗಿಸಿ ಎತ್ತಿಡಿ, ಸುಮಾಟ್ರಿಪ್ಟಾನ್ ಇಂಜೆಕ್ಷನ್‌ನ ಅವಧಿ ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಈ ಸಲ ಯಾವ ಪ್ರಮಾಣದಲ್ಲಿ ನೋವು ನಿಂತಿತು ಎಂಬುದನ್ನೂ ಕೊನೆಯ ಇಸಿಜಿಯ ಪ್ರತಿಯನ್ನೂ ಒಂದೇ ಕಡತದಲ್ಲಿಡಿ. ಮುಂದಿನ ಸರದಿಯ ಮೊದಲ ರಾತ್ರಿಯ ಮರುದಿನವೇ ಆ ಕಡತ ಹಿಡಿದು ವೈದ್ಯರ ಮುಂದೆ ಕೂರಬಹುದು.